ಮಿಶ್ರಾರಣ್ಯದ ಅಧ್ಯಯನ: ಡೀಟ್ರಿಷ್ ಬ್ರಾಂಡಿಸ್ ಅವರ ಬದುಕು ಮತ್ತು ವಿಧಾನ

ಕಾಡು ಎಂಬುದು ಒಂದೇ ಪದವಾದರೂ ಅದು ಸೂಚಿಸುವ ವಸ್ತು ಒಂದೇ ಬಗೆಯದಲ್ಲ. ಒಂದೇ ಜಾತಿಯ ಮರಗಳನ್ನು ಸಾಲುಹಿಡಿದು ನೆಟ್ಟ ತೋಪನ್ನೂ, ನೂರಾರು ಜಾತಿಯ ಮರಗಳು ಒಂದರೊಳಗೊಂದು ಬೆರೆತು ಬೆಳೆದ ಮಲೆಯನ್ನೂ ಆಡಳಿತದ ಭಾಷೆ ಅರಣ್ಯವೆಂದೇ ಕರೆಯುತ್ತದೆ. ಈ ಎರಡರ ನಡುವಿನ ಅಂತರವನ್ನು ಗುರುತಿಸುವುದು ಕೇವಲ ಸಸ್ಯಶಾಸ್ತ್ರದ ಪ್ರಶ್ನೆಯಾಗಿ ಉಳಿದಿಲ್ಲ. ಕಾಡನ್ನು ಯಾರು ತಿಳಿದವರು, ಯಾವ ಮರಕ್ಕೆ ಬೆಲೆ, ಯಾವ ಮರದ ಹೆಸರು ದಾಖಲೆಗೆ ಸೇರಬೇಕು ಎಂಬ ಪ್ರಶ್ನೆಗಳೂ ಅದರೊಂದಿಗೆ ಹೆಣೆದುಕೊಂಡಿವೆ. ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾಗಿದ್ದ ಡೀಟ್ರಿಷ್ ಬ್ರಾಂಡಿಸ್ (1824-1907) ಅವರ ಬದುಕು ಈ ಪ್ರಶ್ನೆಗಳನ್ನು ಪರಿಶೀಲಿಸಲು ತಕ್ಕ ನಿದರ್ಶನವಾಗಿದೆ. ಬೆರಕೆ ಕಾಡಿನಲ್ಲಿ ಒಂದೇ ಜಾತಿಯ ಮರವನ್ನು ಎಣಿಸುವ ಕೆಲಸದಿಂದ ಆರಂಭವಾದ ಅವರ ಅಧ್ಯಯನ, ಸುಮಾರು ಐವತ್ತು ವರ್ಷಗಳ ಅನಂತರ ಇಡೀ ಉಪಖಂಡದ ಮರಗಳನ್ನು ವಿವರಿಸುವ ಗ್ರಂಥದಲ್ಲಿ ಮುಕ್ತಾಯಗೊಂಡಿತು. ಈ ಎರಡು ತುದಿಗಳ ನಡುವಿನ ಪಯಣದಲ್ಲಿ ಮಿಶ್ರಾರಣ್ಯದ ಅಧ್ಯಯನದ ಸಾಧ್ಯತೆಗಳೂ ಮಿತಿಗಳೂ ಒಟ್ಟಿಗೆ ಕಾಣಸಿಗುತ್ತವೆ.

ಬ್ರಾಂಡಿಸ್ ಅವರು 1824ರ ಮಾರ್ಚ್ 31ರಂದು ಜರ್ಮನಿಯ ಬಾನ್ ನಗರದಲ್ಲಿ ಜನಿಸಿದರು. ತಂದೆ ಕ್ರಿಸ್ಟಿಯನ್ ಆಗಸ್ಟ್ ಬ್ರಾಂಡಿಸ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಗ್ರೀಕ್ ತತ್ತ್ವಚಿಂತನೆಯ ಇತಿಹಾಸದಲ್ಲಿ ಹೆಸರಾದ ವಿದ್ವಾಂಸರು. ಗ್ರೀಸಿನ ದೊರೆ ಆಟೋನ ಸಲಹೆಗಾರರಾಗಿ ಅವರು 1837ರಲ್ಲಿ ಅಥೆನ್ಸ್‌ಗೆ ಹೋದಾಗ ಕುಟುಂಬವೂ ಜೊತೆಗೆ ಹೋಯಿತು. ಹೀಗೆ ಬಾಲ್ಯದಲ್ಲಿಯೇ ಬ್ರಾಂಡಿಸ್ ಅವರಿಗೆ ಉತ್ತರ ಯುರೋಪಿನ ಹಸಿರುಕಾಡುಗಳ ಜೊತೆಗೆ ಮೆಡಿಟರೇನಿಯನ್ ಪ್ರದೇಶದ ಕುರುಚಲು ಸಸ್ಯವರ್ಗದ ಪರಿಚಯವೂ ಆಯಿತು. ಮುಂದೆ ಅವರು ಕೋಪನ್‌ಹೇಗನ್, ಗಟ್ಟಿಂಗನ್ ಮತ್ತು ಬಾನ್ ವಿಶ್ವವಿದ್ಯಾಲಯಗಳಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಕೋಪನ್‌ಹೇಗನ್ನಿನ ಸ್ಕೌ, ಗಟ್ಟಿಂಗನ್ನಿನ ಗ್ರಿಸೆಬಾಖ್ ಇಬ್ಬರೂ ಸಸ್ಯಭೂಗೋಳದ ಪ್ರವರ್ತಕರಾಗಿದ್ದರು ಎಂಬುದು ಇಲ್ಲಿ ಗಮನಾರ್ಹ. ಒಂದು ಗಿಡವನ್ನು ಬಿಡಿಯಾಗಿ ವರ್ಣಿಸುವುದಕ್ಕಿಂತ, ಮಳೆ, ಶಾಖ, ಮಣ್ಣುಗಳಿಗೆ ಅನುಗುಣವಾಗಿ ಸಸ್ಯಗಳು ಹೇಗೆ ಕೂಡಿ ಬೆಳೆಯುತ್ತವೆ ಎಂಬುದನ್ನು ಈ ಶಾಸ್ತ್ರ ಮುಖ್ಯವಾಗಿ ಪರಿಗಣಿಸುತ್ತಿತ್ತು. 1849ರಿಂದ ಬ್ರಾಂಡಿಸ್ ಬಾನ್‌ನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕರಾದರು. ಅರಣ್ಯಶಾಸ್ತ್ರವು ಅವರು ಪದವಿಗಾಗಿ ಓದಿದ ವಿಷಯವಾಗಿರಲಿಲ್ಲ.

ಅವರು ಭಾರತಕ್ಕೆ ಬರಲು ವಿವಾಹಸಂಬಂಧ ಕಾರಣವಾಯಿತು. 1854ರಲ್ಲಿ ಅವರು ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ನರ ಮಗಳಾದ ರಾಶೆಲ್ ಅವರನ್ನು ಮದುವೆಯಾದರು. ರಾಶೆಲ್ ಅವರ ಮೊದಲ ಪತಿ ಫಾಯ್ಕ್ಟ್ ಕಲ್ಕತ್ತ ಪರಿಸರದ ಸಸ್ಯಗಳನ್ನು ಕುರಿತು ಗ್ರಂಥ ರಚಿಸಿದ್ದ ಡೆನ್ಮಾರ್ಕಿನ ಸಸ್ಯತಜ್ಞರು. ಕನ್ನಡದ ಅಧ್ಯಯನಕಾರರಿಗೆ ಸೆರಾಂಪುರದ ಹೆಸರು ಅಪರಿಚಿತವಲ್ಲ. ಮಾರ್ಷ್‌ಮನ್ನರ ಸಹೋದ್ಯೋಗಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ್ದು ಅಲ್ಲಿಂದಲೇ. ರಾಶೆಲ್ ಅವರ ಸೋದರಿಯ ಪತಿ ಸೇನಾಧಿಕಾರಿ ಹೆನ್ರಿ ಹ್ಯಾವ್‌ಲಾಕ್. ಈ ನಂಟಿನ ಮೂಲಕ ಬ್ರಾಂಡಿಸ್ ಅವರ ಹೆಸರು ಗವರ್ನರ್ ಜನರಲ್ ಡಾಲ್‌ಹೌಸಿಯವರ ಗಮನಕ್ಕೆ ಬಂದಿತು. 1852ರ ಯುದ್ಧದ ಅನಂತರ ಬರ್ಮಾದ ಪೆಗು ಪ್ರಾಂತವು ಬ್ರಿಟಿಷರ ಕೈಸೇರಿತ್ತು. ಹಡಗು ಕಟ್ಟಲು ಬೇಕಾದ ತೇಗದ ಮರ ಅಲ್ಲಿ ಹೇರಳವಾಗಿತ್ತು. ಆದರೆ ಅದು ಎಷ್ಟಿದೆ, ಎಷ್ಟನ್ನು ಕಡಿಯಬಹುದು ಎಂಬುದು ಯಾರಿಗೂ ತಿಳಿದಿರಲಿಲ್ಲ. 1855ರ ಆಗಸ್ಟ್‌ನಲ್ಲಿ ಡಾಲ್‌ಹೌಸಿ ಅರಣ್ಯಗಳನ್ನು ಕುರಿತು ತಮ್ಮ ಪ್ರಸಿದ್ಧ ಟಿಪ್ಪಣಿಯನ್ನು ಹೊರಡಿಸಿದರು. 1856ರ ಜನವರಿಯಲ್ಲಿ ಬ್ರಾಂಡಿಸ್ ಪೆಗುವಿನ ತೇಗದ ಕಾಡುಗಳ ಮೇಲ್ವಿಚಾರಕರಾಗಿ ನೇಮಕಗೊಂಡರು. ಆಗ ಅವರ ವಯಸ್ಸು 31.

ಪೆಗುವಿನಲ್ಲಿ ಬ್ರಾಂಡಿಸ್ ಎದುರಿಸಿದ ಸಮಸ್ಯೆಯ ಸ್ವರೂಪವನ್ನು ತಿಳಿಯಲು ಆ ಕಾಲದ ಯುರೋಪಿನ ಅರಣ್ಯಶಾಸ್ತ್ರದ ಹಿನ್ನೆಲೆ ಅಗತ್ಯ. ಜರ್ಮನಿಯಲ್ಲಿ, ವಿಶೇಷವಾಗಿ ಸ್ಯಾಕ್ಸನಿಯಲ್ಲಿ, ಹಲವು ಜಾತಿಗಳ ಹಳೆಯ ಕಾಡುಗಳಿದ್ದ ಜಾಗದಲ್ಲಿ ಒಂದೇ ವಯಸ್ಸಿನ ಸ್ಪ್ರೂಸ್ ಮರಗಳ ನೆಡುತೋಪುಗಳು ಹರಡುತ್ತಿದ್ದವು. ಇಂಥ ಕಡೆ ಲೆಕ್ಕ ಸುಲಭ. ವಿಸ್ತೀರ್ಣವನ್ನು ಅಳೆದು, ಮರದ ವಯಸ್ಸನ್ನು ತಿಳಿದರೆ ಉತ್ಪನ್ನದ ಅಂದಾಜು ಸಿಗುತ್ತದೆ. ಆದರೆ ಪೆಗುವಿನ ಬೆಟ್ಟಗಳಲ್ಲಿ ತೇಗವು ಒಂದೇ ಕಡೆ ಗುಂಪಾಗಿ ನಿಂತಿರಲಿಲ್ಲ. ಎಲೆಯುದುರುವ ಆ ಬೆರಕೆ ಕಾಡಿನಲ್ಲಿ ತೇಗದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದರಷ್ಟು ಮಾತ್ರ. ಉಳಿದವು ಬೇರೆ ಬೇರೆ ಜಾತಿಯವು: ಕರ್ನಾಟಕದಲ್ಲಿ ಜಂಬೆಯೆಂದು ಕರೆಯುವ ಮರದ ಬಳಗಕ್ಕೆ ಸೇರಿದ ಪಿಂಕಾಡೊ, ಹೊನ್ನೆಯ ಹತ್ತಿರದ ಬಂಧುವಾದ ಪಡೌಕ್, ಮತ್ತಿ, ನಂದಿಯ ಬಳಗದ ಮರಗಳು, ಇವುಗಳ ಕೆಳಗೆ ದಟ್ಟವಾದ ಬಿದಿರ ಮೆಳೆಗಳು. ಮರಗಳ ವಯಸ್ಸು ಒಂದೇ ಆಗಿರಲಿಲ್ಲ. ವರ್ಷದ ಬೆಳವಣಿಗೆಯ ಪ್ರಮಾಣವೂ ತಿಳಿದಿರಲಿಲ್ಲ. ಯುರೋಪಿನ ಕೋಷ್ಟಕಗಳು ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ.

ಈ ಸಂದರ್ಭದಲ್ಲಿ ಬ್ರಾಂಡಿಸ್ ರೂಪಿಸಿದ ವಿಧಾನ ಸರಳವಾದುದು. ಇಡೀ ಕಾಡನ್ನು ಅಳೆಯಲು ಸಾಧ್ಯವಿಲ್ಲದ ಕಾರಣ ಅವರು ಕಾಡಿನೊಳಗೆ ಗೆರೆ ಹಿಡಿದಂತೆ ಸಂಚರಿಸಿ, ದಾರಿಯ ಎರಡೂ ಬದಿಯ ಪಟ್ಟಿಯಲ್ಲಿ ಕಾಣುವ ತೇಗದ ಮರಗಳನ್ನು ಎಣಿಸಿದರು. ಮರಗಳನ್ನು ಸುತ್ತಳತೆಯ ಆಧಾರದಿಂದ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. 6 ಅಡಿ ಮತ್ತು ಅದಕ್ಕೆ ಮೇಲ್ಪಟ್ಟವು ಮೊದಲ ವರ್ಗ. 4 ಅಡಿ 6 ಅಂಗುಲದಿಂದ 6 ಅಡಿಯವರೆಗಿನವು ಎರಡನೆಯದು. 1 ಅಡಿ 6 ಅಂಗುಲದಿಂದ 4 ಅಡಿ 6 ಅಂಗುಲದವರೆಗಿನವು ಮೂರನೆಯದು. ಅದಕ್ಕಿಂತ ಸಣ್ಣವು ನಾಲ್ಕನೆಯದು. ಅವರ ಶಿಷ್ಯ ಕಾರ್ಲ್ ಶೆಂಕ್ ಹೇಳಿರುವಂತೆ, ಆನೆಯ ಮೇಲೆ ಕುಳಿತು ಸಾಗುವಾಗ ಪುಸ್ತಕದಲ್ಲಿ ಬರೆದುಕೊಳ್ಳಲು ಸಾಧ್ಯವಾಗದಿದ್ದುದರಿಂದ ಅವರು ನಾಲ್ಕು ಕಡ್ಡಿಗಳನ್ನು ಹಿಡಿದುಕೊಂಡು, ಮರ ಕಂಡಾಗಲೆಲ್ಲ ಆಯಾ ವರ್ಗದ ಕಡ್ಡಿಯ ಮೇಲೆ ಚಾಕುವಿನಿಂದ ಗೀರು ಹಾಕುತ್ತಿದ್ದರು. ಸಂಜೆ ಬಿಡಾರಕ್ಕೆ ಬಂದ ಮೇಲೆ ಗೀರುಗಳು ಅಂಕೆಗಳಾಗುತ್ತಿದ್ದವು.

ಈ ಅಂಕೆಗಳಿಂದ ಬ್ರಾಂಡಿಸ್ ಒಂದು ನಿಯಮವನ್ನು ರೂಪಿಸಿದರು. ಎರಡನೆಯ ವರ್ಗದ ಮರ ಬೆಳೆದು ಮೊದಲ ವರ್ಗಕ್ಕೆ ಸೇರಲು 24 ವರ್ಷ ಬೇಕೆಂದು ಅವರು ಅಂದಾಜು ಮಾಡಿದರು. ಆದ್ದರಿಂದ ಪ್ರತಿವರ್ಷ ಮೊದಲ ವರ್ಗದ ಮರಗಳಲ್ಲಿ 24ನೆಯ ಒಂದು ಭಾಗವನ್ನು ಮಾತ್ರ ಕಡಿಯಬೇಕು. ಕಡಿದ ಮರಗಳ ಸ್ಥಾನವನ್ನು ಕೆಳಗಿನ ವರ್ಗದ ಮರಗಳು ತುಂಬಬೇಕು. ಕಡಿಯಬೇಕಾದ ಮರದ ಬುಡದಲ್ಲಿ ಸುತ್ತಲೂ ತೊಗಟೆಯನ್ನೂ ಹೊರಮರವನ್ನೂ ಕೆತ್ತಿ, ಅದು ನಿಂತಲ್ಲಿಯೇ ಒಣಗಲು ಬಿಡುವ ಪದ್ಧತಿ ಬರ್ಮಾದಲ್ಲಿತ್ತು. ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ. ಒಣಗಿದ ದಿಮ್ಮಿಯನ್ನು ಹೊಳೆಯಲ್ಲಿ ತೇಲಿಸಿ ರಂಗೂನಿಗೆ ಸಾಗಿಸಬಹುದು. ಯಾವ ಮರಕ್ಕೆ ಈ ಗುರುತು ಬೀಳಬೇಕೆಂಬ ನಿರ್ಧಾರ ಅರಣ್ಯಾಧಿಕಾರಿಯ ಕೈಯಲ್ಲಿರಬೇಕೆಂಬುದು ಬ್ರಾಂಡಿಸ್ ಅವರ ನಿಲುವು. ಆದಷ್ಟು ಬೇಗ ಆದಷ್ಟು ಹೆಚ್ಚು ಮರ ಬೇಕೆನ್ನುತ್ತಿದ್ದ ಮರವ್ಯಾಪಾರಿಗಳ ವಿರೋಧವನ್ನು ಇದರಿಂದಾಗಿ ಅವರು ಎದುರಿಸಬೇಕಾಯಿತು.

ಈ ವಿಧಾನದ ಸಾಧನೆ ದೊಡ್ಡದು. ಇದು ಕಾಡನ್ನು ಬಯಲು ಮಾಡಲಿಲ್ಲ. ಬೆರಕೆ ಕಾಡನ್ನು ಅದು ಇದ್ದ ಹಾಗೆಯೇ ಉಳಿಸಿಕೊಂಡು, ಅದರಿಂದ ಮಿತವಾಗಿ ಆಯ್ದುಕೊಳ್ಳುವ ದಾರಿಯನ್ನು ತೋರಿಸಿತು. ಆದರೆ ಅದರ ಒಳಗಿನ ಕೊರತೆಯನ್ನೂ ಗುರುತಿಸಬೇಕು. ನಾಲ್ಕು ಕಡ್ಡಿಗಳೂ ತೇಗಕ್ಕೇ ಮೀಸಲಾಗಿದ್ದವು. ಹತ್ತರಲ್ಲಿ ಒಂಬತ್ತು ಪಾಲು ಮರಗಳಿಗೆ ಗೀರು ಬೀಳಲಿಲ್ಲ. ಲೆಕ್ಕಕ್ಕೆ ಸಿಗದ ಮರಗಳು ಆಡಳಿತದ ಭಾಷೆಯಲ್ಲಿ ಕ್ರಮೇಣ ಕೀಳುಜಾತಿಯ ಮರಗಳೆನಿಸಿಕೊಂಡವು; ತೇಗಕ್ಕೆ ಬೆಳಕು ಸಿಗಲೆಂದು ಅವುಗಳನ್ನು ತೆಗೆದುಹಾಕುವುದು ಕಾಡಿನ ಸುಧಾರಣೆಯೆಂದು ಕರೆಸಿಕೊಂಡಿತು. ಎಣಿಕೆಯ ಅನುಕೂಲಕ್ಕಾಗಿ ಮಾಡಿಕೊಂಡ ಆಯ್ಕೆ ಮೌಲ್ಯನಿರ್ಣಯವಾಗಿ ಮಾರ್ಪಟ್ಟ ಬಗೆ ಇದು.

ಬ್ರಾಂಡಿಸ್ ಅವರೊಳಗಿನ ಸಸ್ಯಶಾಸ್ತ್ರಜ್ಞ ಮಾತ್ರ ತೇಗದಲ್ಲಿಯೇ ನಿಲ್ಲಲಿಲ್ಲ. ತೇಗದ ಬಾಳು ಅದರ ಸುತ್ತಲಿನ ಗಿಡಮರಗಳ ಬಾಳಿಗೆ ಅಂಟಿಕೊಂಡಿದೆ ಎಂಬುದನ್ನು ಅವರು ಕಂಡುಕೊಂಡರು. ಇದಕ್ಕೆ ಬಿದಿರು ಒಳ್ಳೆಯ ಉದಾಹರಣೆ. ಬಿದಿರ ಮೆಳೆಗಳು ದಟ್ಟವಾಗಿದ್ದಾಗ ಅವುಗಳ ನೆರಳಿನಲ್ಲಿ ತೇಗದ ಸಸಿಗಳು ಮೇಲೇಳಲಾರವು. ದಶಕಗಳಿಗೊಮ್ಮೆ ಒಂದು ಪ್ರದೇಶದ ಬಿದಿರೆಲ್ಲ ಒಟ್ಟಿಗೆ ಹೂಬಿಟ್ಟು ಸತ್ತಾಗ ನೆಲಕ್ಕೆ ಬೆಳಕು ಬೀಳುತ್ತದೆ. ಬೇರು ಬಲಿತು ಕಾದಿದ್ದ ತೇಗದ ಸಸಿಗಳು ಆಗ ಎತ್ತರಕ್ಕೆ ಬೆಳೆಯುತ್ತವೆ. ಬೆರಕೆ ಕಾಡಿನಲ್ಲಿ ಒಂದು ಮರದ ವಯಸ್ಸನ್ನು ತಿಳಿಯಲು ಮತ್ತೊಂದು ಸಸ್ಯದ ಇತಿಹಾಸವನ್ನು ತಿಳಿಯಬೇಕಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬಿದಿರಿನ ಬಗೆಗಿನ ಅವರ ಆಸಕ್ತಿ ಕೊನೆಯವರೆಗೂ ಉಳಿಯಿತು. 1899ರಲ್ಲಿ ಭಾರತದ ಬಿದಿರುಗಳ ಜೀವನಕ್ರಮವನ್ನು ಕುರಿತ ಅವರ ಲೇಖನ ಪ್ರಕಟವಾಯಿತು.

ಕಾಡಿನ ಜನರೊಂದಿಗಿನ ಅವರ ಸಂಬಂಧವನ್ನೂ ಇದೇ ನೆಲೆಯಲ್ಲಿ ಪರಿಶೀಲಿಸಬಹುದು. ಪೆಗುವಿನ ಬೆಟ್ಟಗಳಲ್ಲಿ ಕರೆನ್ ಜನ ಕಾಡನ್ನು ಕಡಿದು ಸುಟ್ಟು, ಒಂದೆರಡು ವರ್ಷ ಬತ್ತ ಬೆಳೆದು, ಮತ್ತೊಂದು ಜಾಗಕ್ಕೆ ಹೋಗುತ್ತಿದ್ದರು. ಕನ್ನಡ ನಾಡಿನ ಮಲೆಗಳಲ್ಲಿ ಕುಮರಿ ಎಂದು ಕರೆಯುತ್ತಿದ್ದ ಬೇಸಾಯ ಇಂಥದೇ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯರಾಗಿದ್ದು, 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮರಿಯ ಕಟು ವಿರೋಧಿಯಾಗಿದ್ದರು. ಬ್ರಾಂಡಿಸ್ ಅವರಿಗೂ ಈ ಬೇಸಾಯದಿಂದ ಬೆಲೆಬಾಳುವ ಮರಗಳು ನಾಶವಾಗುತ್ತವೆ ಎಂಬ ಆತಂಕವಿತ್ತು. ಆದರೆ ಅವರು ನಿಷೇಧದ ಬದಲು ಮತ್ತೊಂದು ದಾರಿಯನ್ನು ಪ್ರಯೋಗಿಸಿದರು. ಬತ್ತದ ಜೊತೆಯಲ್ಲಿಯೇ ತೇಗವನ್ನೂ ಬೆಳೆಸಿ, ಬದುಕುಳಿದ ಸಸಿಗಳ ಲೆಕ್ಕದಲ್ಲಿ ಬೇಸಾಯಗಾರರಿಗೆ ಹಣ ಕೊಡುವ ಏರ್ಪಾಡು ಅದು. ಬೆಟ್ಟದ ಹೊಲ ಎಂಬ ಅರ್ಥದ ಬರ್ಮೀ ಪದ 'ಟೌಂಗ್ಯಾ' ಇದರಿಂದಾಗಿ ಲೋಕದ ಅರಣ್ಯಶಾಸ್ತ್ರದ ಪರಿಭಾಷೆಗೆ ಸೇರಿತು. ಒಂದು ಬೇಸಾಯಪದ್ಧತಿಯ ಹೆಸರು ನೆಡುತೋಪಿನ ಹೆಸರಾಗಿ ಬದಲಾದಾಗ ಅದರ ಹುರುಳೂ ಬದಲಾಯಿತು. ಬೇಸಾಯಗಾರ ಅರಣ್ಯ ಇಲಾಖೆಯ ಕೆಲಸಗಾರನಾದನು. ಬೇಸಾಯ ಬಿಟ್ಟ ನೆಲದಲ್ಲಿ ಮತ್ತೆ ಬೆರಕೆ ಕಾಡು ಹುಟ್ಟಬೇಕಾಗಿದ್ದಲ್ಲಿ ತೇಗವೊಂದೇ ನಿಂತಿತು.

1862ರ ಕೊನೆಯ ಹೊತ್ತಿಗೆ ಭಾರತ ಸರ್ಕಾರ ಬ್ರಾಂಡಿಸ್ ಅವರನ್ನು ಬರ್ಮಾದಿಂದ ಕರೆಸಿಕೊಂಡಿತು. 1863ರಲ್ಲಿ ಪತ್ನಿ ರಾಶೆಲ್ ನಿಧನರಾದರು. 1864ರಲ್ಲಿ ಅವರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ರೈಲುದಾರಿಗಳ ಸ್ಲೀಪರುಗಳಿಗಾಗಿ ಹಿಮಾಲಯದ ದೇವದಾರು ಕಾಡುಗಳೂ ಬಯಲುಸೀಮೆಯ ಸಾಲ ಕಾಡುಗಳೂ ಬರಿದಾಗುತ್ತಿದ್ದ ಕಾಲವದು. 1866ರಲ್ಲಿ ಅವರು ಜರ್ಮನಿಯಿಂದ ಶ್ಲಿಖ್ ಮತ್ತು ರಿಬ್ಬೆನ್‌ಟ್ರಾಪ್ ಎಂಬ ತರಬೇತಿ ಪಡೆದ ಅರಣ್ಯಾಧಿಕಾರಿಗಳನ್ನು ಕರೆತಂದರು. ಮುಂದೆ ಇವರಿಬ್ಬರೂ ಒಬ್ಬರಾದ ಮೇಲೊಬ್ಬರು ಮಹಾನಿರೀಕ್ಷಕರ ಸ್ಥಾನಕ್ಕೆ ಬಂದರು. 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ಆರಂಭವಾಯಿತು. ಈ ಅವಧಿಯಲ್ಲಿ ಬ್ರಾಂಡಿಸ್ ಉಪಖಂಡದ ಬಹುಭಾಗವನ್ನು ಸುತ್ತಿದರು. ಮಳೆಯ ಪ್ರಮಾಣಕ್ಕೂ ಕಾಡಿನ ಬಗೆಗೂ ಇರುವ ಸಂಬಂಧವನ್ನು ಗುರುತಿಸಿ, ಭಾರತದ ಅರಣ್ಯಗಳ ಹಂಚಿಕೆಯನ್ನು ವಿವರಿಸಿದರು. ವಿದ್ಯಾರ್ಥಿದೆಸೆಯಲ್ಲಿ ಕಲಿತ ಸಸ್ಯಭೂಗೋಳ ಇಲ್ಲಿ ಅವರ ನೆರವಿಗೆ ಬಂದಿತು.

1868ರಲ್ಲಿ ಅವರು ಕೊಡಗಿನ ದೇವರಕಾಡುಗಳನ್ನು ಪರಿಚಯ ಮಾಡಿಕೊಂಡರು. ಊರಿನ ದೈವಕ್ಕೆ ಮೀಸಲಾಗಿ, ಕೊಡಲಿ ತಾಗದೆ ಉಳಿದಿದ್ದ ಈ ಕಾಡುಗಳು ಜನರೇ ಕಾಪಾಡಿಕೊಂಡು ಬಂದ ಮಿಶ್ರಾರಣ್ಯಗಳು. ಕಾಡನ್ನು ರಕ್ಷಿಸುವ ಪದ್ಧತಿ ಯುರೋಪಿನಿಂದ ಭಾರತಕ್ಕೆ ಬಂದ ಹೊಸ ವಿದ್ಯೆಯೆಂಬ ಭಾವನೆ ಅಧಿಕಾರಿಗಳಲ್ಲಿ ಬಲವಾಗಿದ್ದಾಗ, ಬ್ರಾಂಡಿಸ್ ದೇವರಕಾಡುಗಳನ್ನೂ ರಾಜಪುತಾನದ ಅರಸರು ಕಾಯ್ದುಕೊಂಡಿದ್ದ ಕಾಡುಗಳನ್ನೂ ಈ ದೇಶದ್ದೇ ಆದ ರಕ್ಷಣಾ ಪರಂಪರೆಯೆಂದು ಪರಿಗಣಿಸಿದರು. ಮುಂದೆ 1897ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ಕೊಡಗಿನ ದೇವರಕಾಡುಗಳನ್ನು ಹೆಸರಿಸಿಯೇ ಉಲ್ಲೇಖಿಸಿದರು. ಭಾರತದ ಬಹುತೇಕ ಪ್ರಾಂತಗಳಲ್ಲಿ ಇಂಥ ಪವಿತ್ರವನಗಳು ಹಿಂದೆ ಬಹುಸಂಖ್ಯೆಯಲ್ಲಿದ್ದವೆಂಬುದು ಅವರ ಅಭಿಪ್ರಾಯ.

ಈ ತಿಳಿವಳಿಕೆ ಕಾನೂನಿನಲ್ಲಿ ಎಷ್ಟರಮಟ್ಟಿಗೆ ಮೂಡಿತು ಎಂಬುದು ಬೇರೆಯೇ ಪ್ರಶ್ನೆ. 1865ರ ಅರಣ್ಯ ಕಾಯಿದೆ ಸಾಲದೆಂದು ಹೊಸ ಕಾಯಿದೆಯ ಚರ್ಚೆ ನಡೆದಾಗ, ಕಾಡುಗಳ ಮೇಲೆ ಸರ್ಕಾರಕ್ಕೆ ಸಂಪೂರ್ಣ ಹಕ್ಕಿರಬೇಕೆಂದು ಬೇಡನ್ ಪವೆಲ್ ವಾದಿಸಿದರು. ಕಾಡುಗಳ ಮೇಲೆ ಊರವರಿಗೆ ರೂಢಿಯಿಂದ ಬಂದ ಹಕ್ಕುಗಳಿವೆಯೆಂದು ಮದರಾಸಿನ ಕಂದಾಯ ಆಡಳಿತ ಹೇಳಿತು. ಬ್ರಾಂಡಿಸ್ ನಡುವಿನ ನಿಲುವನ್ನು ತಳೆದರು. ಬೆಲೆಬಾಳುವ ಕಾಡುಗಳು ಸರ್ಕಾರದ ವಶದಲ್ಲಿರಲಿ, ಆದರೆ ಊರುಗಳ ಸೌದೆ, ಮೇವು, ಮನೆಮರಗಳ ಅಗತ್ಯಕ್ಕೆ ಗ್ರಾಮಾರಣ್ಯಗಳು ಬೇಕೆಂಬುದು ಅವರ ಆಶಯ. 1878ರ ಕಾಯಿದೆಯಲ್ಲಿ ಕಾಯ್ದಿಟ್ಟ ಅರಣ್ಯ, ರಕ್ಷಿತ ಅರಣ್ಯಗಳ ಜೊತೆಗೆ ಗ್ರಾಮಾರಣ್ಯದ ಅಧ್ಯಾಯವೂ ಸೇರಿತು. ಆದರೆ ಆ ಅಧ್ಯಾಯ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. 1881ರಿಂದ 1883ರವರೆಗೆ ಬ್ರಾಂಡಿಸ್ ಮದರಾಸು ಪ್ರಾಂತದ ಅರಣ್ಯಾಡಳಿತವನ್ನು ಪುನರ್ರಚಿಸುವ ಕೆಲಸದಲ್ಲಿ ತೊಡಗಿದ್ದರು. ಆ ಅವಧಿಯಲ್ಲಿ ಜಾರಿಗೆ ಬಂದ 1882ರ ಮದರಾಸು ಅರಣ್ಯ ಕಾಯಿದೆ, ಆಗ ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳಿಗೂ ಅನ್ವಯಿಸಿತು. ಊರವರ ಬಳಕೆಯಲ್ಲಿದ್ದ ಕಾಡುಗಳು ಸರ್ಕಾರದ ಕಾಡುಗಳಾದ ಚರಿತ್ರೆಯಲ್ಲಿ ಬ್ರಾಂಡಿಸ್ ಅವರ ಪಾತ್ರವೂ ಇದೆ. ಅವರ ಆಶಯ ಉದಾರವಾಗಿತ್ತೆಂಬ ಕಾರಣಕ್ಕೆ ಅದನ್ನು ಮರೆಮಾಚುವಂತಿಲ್ಲ.

ಬ್ರಾಂಡಿಸ್ ಅವರ ಎರಡನೆಯ ದೊಡ್ಡ ಕೆಲಸ, ಎಣಿಕೆಗೆ ಸಿಗದ ಮರಗಳಿಗೆ ಗ್ರಂಥದಲ್ಲಿ ಸ್ಥಾನ ಕೊಟ್ಟದ್ದು. ಜೆ. ಎಲ್. ಸ್ಟೂವರ್ಟ್ ಆರಂಭಿಸಿದ್ದ ವಾಯವ್ಯ ಹಾಗೂ ಮಧ್ಯಭಾರತದ ಅರಣ್ಯಸಸ್ಯಗಳ ಗ್ರಂಥವನ್ನು, ಸ್ಟೂವರ್ಟ್ 1873ರಲ್ಲಿ ನಿಧನರಾದಾಗ, ಬ್ರಾಂಡಿಸ್ ಕೈಗೆತ್ತಿಕೊಂಡು 1874ರಲ್ಲಿ ಪೂರ್ಣಗೊಳಿಸಿದರು. ಇದರಲ್ಲಿ ಮರಗಳ ಶಾಸ್ತ್ರೀಯ ಹೆಸರುಗಳ ಜೊತೆಗೆ ದೇಶಭಾಷೆಗಳ ಹೆಸರುಗಳನ್ನೂ ಕೊಡಲಾಗಿದೆ. ಇದು ಕೇವಲ ಓದುಗರ ಅನುಕೂಲದ ಮಾತಲ್ಲ. ಮಿಶ್ರಾರಣ್ಯದ ಅಧ್ಯಯನಕ್ಕೆ ಮೊದಲ ಅಗತ್ಯವೇ ಮರಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು. ಹೂವಿಲ್ಲದ, ಎಲೆಯುದುರಿದ ಮರವನ್ನು ತೊಗಟೆ, ಕಚ್ಚಿನ ಬಣ್ಣ, ವಾಸನೆಗಳಿಂದ ಗುರುತಿಸುವ ವಿದ್ಯೆ ಕಾಡಿನ ಜನರಲ್ಲಿತ್ತು; ಆ ವಿದ್ಯೆ ಅವರ ಮರದ ಹೆಸರುಗಳಲ್ಲಿ ಅಡಕವಾಗಿತ್ತು. ಹೆಸರುಗಳು ಗ್ರಂಥಕ್ಕೆ ಸೇರಿದವು, ಹೆಸರು ಹೇಳಿದವರು ಸೇರಲಿಲ್ಲ ಎಂಬುದು ಆ ಕಾಲದ ವಿದ್ವತ್ತಿನ ಸಾಮಾನ್ಯ ಲಕ್ಷಣ. ಹಾಗಿದ್ದರೂ ಈ ಗ್ರಂಥಗಳು ದೇಶಭಾಷೆಗಳ ಸಸ್ಯಪದಗಳ ಚರಿತ್ರೆಗೆ ಉಪಯುಕ್ತ ಆಕರಗಳಾಗಿವೆ.

1883ರಲ್ಲಿ ನಿವೃತ್ತರಾದ ಬ್ರಾಂಡಿಸ್ ಬಾನ್‌ಗೆ ಮರಳಿದರು. ಭಾರತದ ಸೇವೆಗೆ ಸೇರಲಿದ್ದ ತರುಣರನ್ನು ಜರ್ಮನಿಯ ಕಾಡುಗಳಲ್ಲಿ ಸುತ್ತಾಡಿಸಿ ಕಲಿಸುವ ಹೊಣೆಯನ್ನು ಹೊತ್ತರು. ಅಮೆರಿಕದ ಗಿಫರ್ಡ್ ಪಿಂಚೊ 1889ರಲ್ಲಿ ಅವರನ್ನು ಕಂಡು ಮಾರ್ಗದರ್ಶನ ಪಡೆದರು. ಅವರ ಶಿಫಾರಸಿನಿಂದ ಕಾರ್ಲ್ ಶೆಂಕ್ 1895ರಲ್ಲಿ ಅಮೆರಿಕದ ಬಿಲ್ಟ್‌ಮೋರಿಗೆ ಹೋದರು. ಇದೇ ಕಾಲದಲ್ಲಿ ಜರ್ಮನಿಯಲ್ಲಿಯೂ ಒಂದೇ ಜಾತಿಯ ನೆಡುತೋಪುಗಳ ಬಗ್ಗೆ ಸಂದೇಹಗಳು ಹುಟ್ಟಿದ್ದವು. ಮ್ಯೂನಿಕ್‌ನ ಕಾರ್ಲ್ ಗೇಯರ್ 1886ರಲ್ಲಿ ಮಿಶ್ರಾರಣ್ಯವನ್ನು ಕುರಿತೇ ಒಂದು ಗ್ರಂಥವನ್ನು ಬರೆದು, ಹಲವು ಜಾತಿಗಳು ಕೂಡಿದ ಕಾಡಿನ ಮೇಲ್ಮೆಯನ್ನು ಪ್ರತಿಪಾದಿಸಿದರು. ಭಾರತ ಮತ್ತು ಬರ್ಮಾಗಳ ಬೆರಕೆ ಕಾಡುಗಳನ್ನು ದಶಕಗಳ ಕಾಲ ಕಂಡಿದ್ದ ಬ್ರಾಂಡಿಸ್ ಬಾನ್‌ಗೆ ಮರಳಿದ್ದು ಇಂಥ ಮರುಚಿಂತನೆಯ ಕಾಲದಲ್ಲಿ.

ಜೀವನದ ಕೊನೆಯ ವರ್ಷಗಳಲ್ಲಿ ಅವರು ಮತ್ತೆ ಸಸ್ಯಶಾಸ್ತ್ರಕ್ಕೆ ಮರಳಿದರು. ಆಗ್ನೇಯ ಏಷ್ಯಾದ ಮಳೆಕಾಡುಗಳ ಮುಖ್ಯ ಮರಗಳಾದ ಡಿಪ್ಟೆರೊಕಾರ್ಪ್ ಕುಟುಂಬವನ್ನು ಕುರಿತ ಅವರ ಅಧ್ಯಯನ 1895ರಲ್ಲಿ ಪ್ರಕಟವಾಯಿತು. ಬಾನ್‌ನಲ್ಲಿಯೂ ಲಂಡನ್ನಿನ ಬಳಿಯ ಕ್ಯೂ ಉದ್ಯಾನದ ಸಸ್ಯಸಂಗ್ರಹಾಲಯದಲ್ಲಿಯೂ ಕುಳಿತು ರಚಿಸಿದ 'ಇಂಡಿಯನ್ ಟ್ರೀಸ್' ಗ್ರಂಥವು 1906ರಲ್ಲಿ ಹೊರಬಂದಿತು. ಮರಗಳು, ಪೊದೆಗಳು, ಕಾಷ್ಠಬಳ್ಳಿಗಳು, ಬಿದಿರುಗಳು, ತಾಳೆಯ ಬಳಗದ ಮರಗಳು ಸೇರಿ ಸುಮಾರು 4,400 ಜಾತಿಗಳು ಇದರಲ್ಲಿ ವಿವರಿಸಲ್ಪಟ್ಟಿವೆ. ಆಗ ಲೇಖಕರ ವಯಸ್ಸು 82. ಮರುವರ್ಷ, 1907ರ ಮೇ 28ರಂದು, ಅವರು ಬಾನ್‌ನಲ್ಲಿ ನಿಧನರಾದರು.

ಬ್ರಾಂಡಿಸ್ ಅವರ ಪರಂಪರೆ ಎರಡು ಕವಲುಗಳಾಗಿ ಮುಂದುವರಿಯಿತು. ಅವರ ಎಣಿಕೆಯ ವಿಧಾನ ಆಡಳಿತಕ್ಕೆ ಸುಲಭವಾಗಿ ಒಗ್ಗಿತು. ಇಪ್ಪತ್ತನೆಯ ಶತಮಾನದಲ್ಲಿ ಹಲವೆಡೆ ಬೆರಕೆ ಕಾಡುಗಳನ್ನು ಕಡಿದು ತೇಗವೊಂದನ್ನೇ ನೆಡುವಷ್ಟರ ಮಟ್ಟಿಗೆ ಬೆಲೆಬಾಳುವ ಒಂದು ಜಾತಿಯ ದೃಷ್ಟಿ ಬೆಳೆಯಿತು. ಎಲ್ಲ ಜಾತಿಗಳನ್ನೂ ಹೆಸರಿಸುವ ಅವರ ಎರಡನೆಯ ದಾರಿ ಸಸ್ಯಸಂಗ್ರಹಾಲಯಗಳಿಗೆ ಸೀಮಿತವಾಯಿತು. ಇವೆರಡೂ ಒಂದೇ ಕೆಲಸದಲ್ಲಿ ಕೂಡಿಬರಲು ಬಹುಕಾಲ ಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ ಮುದುಮಲೆಯ ಎಲೆಯುದುರುವ ಕಾಡಿನಲ್ಲಿ 50 ಹೆಕ್ಟೇರ್ ನೆಲವನ್ನು ಗುರುತಿಸಿಕೊಂಡು, ಕಾಂಡದ ವ್ಯಾಸ 1 ಸೆಂಟಿಮೀಟರಿಗಿಂತ ಕಡಿಮೆಯಿಲ್ಲದ ಪ್ರತಿಯೊಂದು ಮರಗಿಡವನ್ನೂ ಜಾತಿ ಗುರುತಿಸಿ, ಅಳೆದು, ಸಂಖ್ಯೆ ಕೊಟ್ಟು ದಾಖಲಿಸುವ ಅಧ್ಯಯನವನ್ನು ಆರಂಭಿಸಿದರು. ಅದೇ ಗಿಡಗಳನ್ನು ಮತ್ತೆ ಮತ್ತೆ ಅಳೆದು, ಯಾವುದು ಬೆಳೆಯಿತು, ಯಾವುದು ಸತ್ತಿತು, ಯಾವುದು ಹೊಸದಾಗಿ ಹುಟ್ಟಿತು ಎಂಬುದನ್ನು ತಿಳಿಯುವ ವಿಧಾನವಿದು. ಇಲ್ಲಿ ತೇಗಕ್ಕೆ ಬೇರೆ ಕಡ್ಡಿಯಿಲ್ಲ. ಮತ್ತಿ, ದಿಂಡಿಲು, ನೆಲ್ಲಿಗಳಿಗೂ ಅದೇ ಅಳತೆ.

ಹೀಗೆ ನೋಡಿದಾಗ ಬ್ರಾಂಡಿಸ್ ಅವರ ಬದುಕು ಭಾರತದ ಅರಣ್ಯಶಾಸ್ತ್ರದ ಪಿತಾಮಹರ ಸಾಧನೆಯ ಕಥನವಾಗಿ ಮಾತ್ರ ಮುಖ್ಯವಾಗುವುದಿಲ್ಲ. ಬೆರಕೆ ಕಾಡನ್ನು ತಿಳಿಯಲು ಹೊರಟವರು ಮೊದಲು ಯಾವುದನ್ನು ಎಣಿಸಬೇಕೆಂದು ತೀರ್ಮಾನಿಸುತ್ತಾರೋ ಆ ತೀರ್ಮಾನವೇ ಮುಂದೆ ಕಾಡಿನ ರೂಪವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗಿದೆ. ಪೆಗುವಿನ ಕಡ್ಡಿಗಳ ಮೇಲೆ ಗೀರು ಬೀಳದೆ ಉಳಿದ ಮರಗಳಿಗೆ ಅವುಗಳ ಹೆಸರನ್ನು ಕೊಡಲು ಬ್ರಾಂಡಿಸ್ ಅವರಿಗೆ ಐವತ್ತು ವರ್ಷ ಬೇಕಾಯಿತು. ಆ ಹೆಸರುಗಳನ್ನು ಅವರಿಗಿಂತ ಮೊದಲೇ ತಿಳಿದಿದ್ದ ಜನರ ಜ್ಞಾನವನ್ನು ಅವರವರ ಭಾಷೆಗಳಲ್ಲಿ ಸಂಗ್ರಹಿಸಿ ಅಧ್ಯಯನ ಮಾಡುವ ಕೆಲಸ ಭಾಷಾ ವಿದ್ವಾಂಸರ ಪಾಲಿಗೆ ಉಳಿದಿದೆ.